ದಪ್ಪ ದನಿಯ ರುದ್ರಾಣಿ

"ಇನ್ನೊಂದ್ಸಲ ಮಾತಾಡ್ರಿ..."

ಕಾಫಿ ಲೋಟ ಹಿಡಿದು ನಿಂತಿದ್ದ ರುದ್ರಾಣಿಗೆ ಮೈಯೆಲ್ಲ ಉರಿದುಹೋಯಿತು!

ಹೊನ್ನಾಳಿಯಿಂದ ಬಂದಿದ್ದ ಕಲ್ಲೇಶ ಬಿಚ್ಚಿಟ್ಟ ಸ್ಪೀಕರಿನ ಮೇಲೆ ಬಗ್ಗಿ ಕೂತಿದ್ದ. "ಕಾಫಿ ತಗೊಳ್ರಿ" ಎಂದು ಅವಳು ಹಿಂದಿನಿಂದ ಅಂದದ್ದೇ ತಡ, ಬೆಚ್ಚಿ ತಿರುಗಿ ಹೀಗೆ ಕೇಳಿದ್ದ. ಮುಖದಲ್ಲಿ ನಗು ಬೇರೆ!

'ಇವನೂ ಶುರು ಮಾಡಿದ...' ಲೋಟ ಕುಕ್ಕಿ ಒಳಗೆ ಹೋದಳು.

ಪಾಪ, ಅವಳ ತಪ್ಪಾದರೂ ಏನು? ರುದ್ರಾಣಿಯದು ಗಂಡಸರಂಥ ದಪ್ಪ ದನಿ. ಚನ್ನಗಿರಿಯ ಆ ಮನೆಗೆ ಹೆಣ್ಣು ನೋಡಲು ಬಂದವರೆಲ್ಲ ಅವಳ ಕಣ್ಣು, ಮೂಗು, ಬಣ್ಣ ಒಪ್ಪುತ್ತಿದ್ದರು. ಹೆಸರು ಕೇಳಿದಾಗ ಬಾಯಿ ಬಿಟ್ಟಳೋ, ಮುಗಿಯಿತು. ಊರಿಗೆ ಹೋಗಿ ಕಾಗದ ಹಾಕ್ತೀವಿ ಅನ್ನುತ್ತಿದ್ದರು. ಆ ಕಾಗದ ಬರೆಯುವ ಕೈಗಳಿಗೆ ಏನಾಗುತ್ತಿತ್ತೋ ಶಿವನೇ ಬಲ್ಲ! ಐದು ಸಂಬಂಧ ಹೀಗೇ ತಪ್ಪಿ, ಇಪ್ಪತ್ತೇಳನೇ ವಯಸ್ಸಿಗೆ ಅವಳು ಹೊರಗಿನವರ ಎದುರು ಮಾತನ್ನೇ ಕಡಿಮೆ ಮಾಡಿದ್ದಳು.

ಅಪ್ಪ ಪಂಚಾಕ್ಷರಪ್ಪನವರಿಗೆ ಅಡಿಕೆ ವ್ಯಾಪಾರ ಹೊಟ್ಟೆಪಾಡು, ಸಂಗೀತ ಪ್ರಾಣ. 1982ರಲ್ಲಿ ಬೊಂಬಾಯಿಯಿಂದ ಹೊಸ ಆಂಪ್ಲಿಫೈಯರ್ ತರಿಸಿದ ಮೇಲೆ ಹಳೆಯ ಸ್ಪೀಕರುಗಳು ಅವರಿಗೆ ಸಪ್ಪೆಯಾದವು. ಜರ್ಮನಿಯ ಸ್ಪೀಕರುಗಳನ್ನು ಕೊಂಡು, ಅವಕ್ಕೆ ತೇಗದ ಪೆಟ್ಟಿಗೆ ಕಟ್ಟಿ ನಾದ ಹದ ಮಾಡಲು ಕಲ್ಲೇಶನನ್ನು ಕರೆಸಿದ್ದರು. ಆ ಕೆಲಸದಲ್ಲಿ ಅವನನ್ನು ಬಿಟ್ಟರೆ ಇನ್ನೊಬ್ಬನಿಲ್ಲ ಎಂಬ ಹೆಸರಿತ್ತು.

ಪೆಟ್ಟಿಗೆ ಸಿದ್ಧವಾಯಿತು. ಸಿತಾರಿನ ರೆಕಾರ್ಡು ತಿರುಗಿತು... ಪಂಚಾಕ್ಷರಪ್ಪ ಕಿವಿ ಮುಚ್ಚಿಕೊಂಡರು!

"ಏನಯ್ಯಾ ಇದು! ಸಿತಾರು ಹೋಗಿ ಗರಗಸ ಆಗೈತಲ್ಲ!"

"ಹಿಂಗೇ ಇರ್ಬೇಕ್ರೀ ಯಜಮಾನ್ರೆ. ಸಣ್ಣ ನಾದನೂ ಬಿಡಿಬಿಡಿಯಾಗಿ ಕೇಳ್ಬೇಕು."

"ದಿನಾ ಕೇಳೋನು ನಾನು. ನನ್ನ ಕಿವಿಗೆ ಹಿಡಿಸ್ಬೇಕೋ, ನಿನ್ನ ಕಿವಿಗೋ?"

ಕಲ್ಲೇಶ ಚೀಲ ಕಟ್ಟಿಕೊಂಡು ಊರಿಗೆ ಹೋದ. ಮುಂದಿನ ವಾರ ಬಂದು ತಿದ್ದಿದ. ಗರಗಸ ಇನ್ನಷ್ಟು ಹರಿತವಾಯಿತು!

ಮೂರನೇ ಸಲ ಬಂದಾಗ ಅವನ ಮುಖ ಬಾಡಿತ್ತು. "ಯಜಮಾನ್ರೆ, ನಿಮ್ಮ ಮಗಳ ದನಿ ಹಿಡ್ಕೊಂಡು ಹದ ಮಾಡ್ತೀನಿ. ಮೈಕಿನಾಗೆ ಎರಡು ಮಾತಾಡಾಕೆ ಹೇಳ್ರಿ" ಎಂದ.

ಬಾಗಿಲಲ್ಲಿ ನಿಂತಿದ್ದ ರುದ್ರಾಣಿಯ ಸಹನೆಯ ಕಟ್ಟೆ ಒಡೆಯಿತು.

"ನನ್ನ ದನಿ ನಿಮಗೆ ತಮಾಷೆಯೇನ್ರೀ? ಐದು ಮಂದಿ ನಕ್ಕು ಹೋದ್ರು, ನೀವು ಆರನೆಯವ್ರಾ? ಹೋಗ್ರಿ ಇಲ್ಲಿಂದ!"

 ಕಲ್ಲೇಶ ಮೈಕನ್ನು ಆರಿಸುವುದನ್ನೂ ಮರೆತು ಸ್ಪೀಕರಿನ ಮುಂದೆ ಇಟ್ಟು ವೈರು ಸುತ್ತತೊಡಗಿದ.

ಆಗ ಸ್ಪೀಕರಿನಿಂದ ಕುಯ್ಯ್‌ ಎಂದು ತೆಳ್ಳಗಿನ ಕೀರಲು ಶಬ್ದ ಎದ್ದಿತು. ಪಂಚಾಕ್ಷರಪ್ಪ ಕುರ್ಚಿಯಿಂದ ಎದ್ದೇಬಿಟ್ಟರು. ರುದ್ರಾಣಿ ಎರಡೂ ಕಿವಿ ಒತ್ತಿ ಹಿಡಿದಳು.

ಕಲ್ಲೇಶ ಮಾತ್ರ ವೈರು ಸುತ್ತುತ್ತಲೇ ಇದ್ದ...

"ಅದನ್ನ ನಿಲ್ಲಿಸ್ರೀ!" ಎಂದಳು.

ಅವನು ತಲೆಯೆತ್ತಿದ. "ಯಾವುದನ್ನ?"

ಪಂಚಾಕ್ಷರಪ್ಪನವರೇ ಹೋಗಿ ಸ್ವಿಚ್ ಆರಿಸಿದರು. ಅಪ್ಪ, ಮಗಳಿಬ್ಬರಿಗೂ ಎಲ್ಲ ಅರ್ಥವಾಗಿತ್ತು: ತೆಳ್ಳಗಿನ ನಾದ ಕಲ್ಲೇಶನಿಗೆ ಕೇಳಿಸುತ್ತಲೇ ಇರಲಿಲ್ಲ. ತನಗೆ ಕೇಳಿಸುವ ತನಕ ಸಣ್ಣ ನಾದವನ್ನು ಏರಿಸುತ್ತಾ ಹೋಗಿದ್ದ ಅವನು. ಕೇಳಿಸದ ಕಿವಿಯಿಂದ ಇನ್ನೊಬ್ಬರ ಕಿವಿಗೆ ಹದ ಮಾಡುವುದು ಹೇಗೆ?

ಕಲ್ಲೇಶ ಚೀಲ ಎತ್ತಿಕೊಂಡು ತಲೆ ತಗ್ಗಿಸಿ ಹೊರಟ. ರುದ್ರಾಣಿ ಜಗಲಿಗೆ ಓಡಿ ಬಂದಳು. "ಯಾಕ್ರೀ ಮುಚ್ಚಿಟ್ರಿ?"

"ಕಿವುಡನ ಹತ್ರ ಸ್ಪೀಕರ್ ಮಾಡಿಸೋರು ಯಾರ್ರೀ?" ಅವನ ಕಣ್ಣು ತುಂಬಿತು. "ನಾಟಕ, ಮದ್ವೆ ಅಂತ ಹನ್ನೆರಡು ವರ್ಷ ಲೌಡ್‌ಸ್ಪೀಕರಿನ ಬುಡದಾಗೇ ಕೂತೆ. ಗುಬ್ಬಿ ಕೂಗು ಕೇಳ್ದೆ ನಾಲ್ಕು ವರ್ಷ ಆತು. ಹೆಣ್ಮಕ್ಕಳ ಮಾತು ತುಟಿ ನೋಡಿ ತಿಳ್ಕೋತೀನಿ, ನಮ್ಮ ಅವ್ವನ ಮಾತೂ ಅಷ್ಟೇ. ಅವತ್ತು ನೀವು ಹಿಂದಿಂದ ಕರೆದ್ರಿ... ಮುಖ ನೋಡ್ದೇನೇ ಪೂರ್ತಿ ಕೇಳಿಸ್ತು! ಆ ಖುಷಿಗೆ ನಕ್ಕೆ ಕಣ್ರೀ. ತಪ್ಪಾತು."

ರುದ್ರಾಣಿಗೆ ದುಃಖ ಉಕ್ಕಿ ಬಂತು. 'ಎಲ್ಲರೂ ಬೇಡವೆಂದ ದನಿಗಾಗಿ ಒಬ್ಬ ಇಷ್ಟು ಹಂಬಲಿಸಿದ್ದನೇ! ನಾನೇ ಬೈದು ಓಡಿಸಿದೆನಲ್ಲ...'

"ಒಳಗೆ ಬನ್ರಿ. ಎಲ್ಲಿ ಏರಿಸ್ಬೇಕು, ಎಲ್ಲಿ ಇಳಿಸ್ಬೇಕು, ನಾನು ಹೇಳ್ತೀನಿ. ಕೈ ನಿಮ್ದು, ಕಿವಿ ನಂದು."

"ಇವತ್ತೊಂದಿನ ಸರಿ. ನಾಳೆ?"

"ನಾಳೆನೂ ಹೇಳ್ತೀನಿ. ನಿಮ್ಮ ಮನೆಗೇ ಬಂದು ಹೇಳ್ತೀನಿ, ಕರ್ಕೊಂಡು ಹೋದ್ರೆ."

ಅವನು ಚೀಲವನ್ನು ಹೆಗಲಿಗೇರಿಸಿ ಒಂದು ಮೆಟ್ಟಿಲು ಇಳಿದ.

"ಬ್ಯಾಡ್ರೀ... ಉಳಿದದ್ದೂ ಹೋಗ್ತೈತೆ ಅಂದಾರೆ ಡಾಕ್ಟ್ರು. ಐದು ವರ್ಷವೋ, ಹತ್ತು ವರ್ಷವೋ. ಆಮೇಲೆ ನಿಮ್ಮ ದನಿನೂ ಇರಲ್ಲ ನಂಗೆ."

"ಹಂಗಾದ್ರೆ ತಡ ಯಾಕೆ? ಇವತ್ತೇ ಅಪ್ಪನ್ನ ಕೇಳ್ರಿ. ಇಷ್ಟು ವರ್ಷ ಆಡ್ದೆ ಉಳಿಸಿಟ್ಟ ಮಾತು ಭಾಳ ಐತೆ ನನ್ನ ಹತ್ರ."

"ಅಷ್ಟೂ ನನಗೇನಾ?"

"ಹೂಂ... ನಿಮಗೇ."

ಕಲ್ಲೇಶ ಚೀಲ ಕೆಳಗಿಟ್ಟ.

"ಬೇಗ ಮುಗಿಸ್ಬ್ಯಾಡ್ರಿ" ಎಂದ.