ಎಲ್ಲಾ ಸರಿಯಿದೆ ಅಂದವನು

"ಸ್ವಿಚ್ ಮುಟ್ಟಬೇಡಿ!"

ಹೇಳುವಷ್ಟರಲ್ಲಿ ಅವಳು ಅವನ ಮಣಿಕಟ್ಟನ್ನೇ ಹಿಡಿದಾಗಿತ್ತು.

ಆಂಟಿವೈರಸ್ ಕಂಪನಿಯಿಂದ ಬಂದಿದ್ದ ಅವನು ತಬ್ಬಿಬ್ಬಾದ. ಅಜ್ಜರೊಬ್ಬರ ಶ್ರವಣಯಂತ್ರ ಕಂಪ್ಯೂಟರಿಗೆ ಜೋಡಿಸಿದೆ, ಅರ್ಧದಲ್ಲಿ ಆರಿಸಿದರೆ ಕೆಡುತ್ತದೆ ಎಂದು ಅವಳು ವಿವರಿಸಿದಳು. ಕೈ ಬಿಡುವುದನ್ನು ಮಾತ್ರ ಮರೆತಿದ್ದಳು. ನೆನಪಾದಾಗ ಇಬ್ಬರ ಮುಖವೂ ಕೆಂಪಾಗಿತ್ತು...

ಅವಳದು ಕಿವಿ ಪರೀಕ್ಷೆಯ ಪುಟ್ಟ ಕ್ಲಿನಿಕ್. ಕಿವಿ ಮಂದವಾದವರಿಗೆ ಯಂತ್ರ ಕೊಟ್ಟು, ಯಾರಿಗೆ ಎಷ್ಟು ದನಿ ಬೇಕೋ ಅಷ್ಟಕ್ಕೆ ಹೊಂದಿಸುತ್ತಿದ್ದಳು. ಆ ಸಾಫ್ಟ್‌ವೇರ್ ನಡೆಯುತ್ತಿದ್ದುದು ತೀರಾ ಹಳೆಯ ಆಪರೇಟಿಂಗ್ ಸಿಸ್ಟಮ್ ಇದ್ದ ಕಂಪ್ಯೂಟರಿನಲ್ಲಿ. ಅದನ್ನು ನೋಡಿಕೊಳ್ಳಲು ಅವನು ಆಗಾಗ ಬರುತ್ತಿದ್ದ. ಹೊಸದು ಕೊಳ್ಳಬೇಕಾ ಎಂದು ಅವಳು ಕೇಳಿದಾಗಲೆಲ್ಲ ಪರದೆಯ ಮೂಲೆಯಲ್ಲಿದ್ದ ಆಂಟಿವೈರಸ್‌ನ ಹಸಿರು ಗುರುತನ್ನು ತೋರಿಸುತ್ತಿದ್ದ. ಎಲ್ಲಾ ಸರಿಯಿದೆ, ನಾನಿದ್ದೀನಲ್ಲ ಅನ್ನುತ್ತಿದ್ದ.

ಕೆಲಸ ಬೇಗ ಮುಗಿದರೂ ಅವನು ಏಳುತ್ತಿರಲಿಲ್ಲ. ಕೌಂಟರಿನಲ್ಲಿ ಕೂರುತ್ತಿದ್ದವಳು ಅವಳನ್ನು ಸಾಕಿ ಬೆಳೆಸಿದ ಚಿಕ್ಕಮ್ಮ. ಕಿವಿ ಅಷ್ಟಕ್ಕಷ್ಟೇ, ಕಣ್ಣು ಮಾತ್ರ ಬಲು ಚುರುಕು. ಈ ಹುಡುಗನಿಗೆ ಹಿಡಿದಿರೋ ವೈರಸ್ಸೇ ಬೇರೆ ಎಂದು ನಗುತ್ತಿದ್ದಳು.

ಒಂದು ಸಂಜೆ ಪಾರ್ಕಿನಲ್ಲಿ ಅವನು ಕೈ ಹಿಡಿದಾಗ ಅವಳು ಬಿಡಿಸಿಕೊಳ್ಳಲಿಲ್ಲ.

ಮುಂದಿನ ವಾರವೇ ಆ ಕಂಪ್ಯೂಟರ್ ಕೈಕೊಟ್ಟಿತು. ಪರದೆ ತುಂಬ ಅರ್ಥವಾಗದ ಅಕ್ಷರಗಳು. ವರ್ಷಗಳಿಂದ ಒಬ್ಬೊಬ್ಬರಿಗೂ ತಾಳ್ಮೆಯಿಂದ ಕೂಡಿಸಿಟ್ಟ ಹೊಂದಾಣಿಕೆಗಳೆಲ್ಲ ಹಾಳು. ಪಕ್ಕದ ಡಿಸ್ಕಿನಲ್ಲಿದ್ದ ಪ್ರತಿಗೂ ಅದೇ ಗತಿ. ಆ ಹೊತ್ತಿಗೆ ಕಂಪ್ಯೂಟರಿಗೆ ಜೋಡಿಸಿದ್ದ ಚಿಕ್ಕಮ್ಮನ ಶ್ರವಣಯಂತ್ರವೂ ಕೆಟ್ಟಿತು.

ಅವನ ಫೋನ್ ಸಿಗಲಿಲ್ಲ. ಕಂಪನಿಗೇ ಕರೆ ಮಾಡಿದಳು. ಅಷ್ಟು ಹಳೆಯ ಸಿಸ್ಟಮ್‌ಗಳಿಗೆ ಸಪೋರ್ಟ್ ಹೋದ ಬೇಸಿಗೆಯಲ್ಲೇ ನಿಂತಿದೆ, ಆಮೇಲೆ ಬಂದ ಹೊಸ ವೈರಸ್‌ಗಳನ್ನು ನಮ್ಮ ಆಂಟಿವೈರಸ್ ಅಲ್ಲಿ ಗುರುತಿಸುವುದೇ ಇಲ್ಲ ಎಂದಳು ಆ ಕಡೆಯವಳು.

"ನಿಮ್ಮ ಕಡೆಗೆ ಬರೋರು ಎಲ್ಲರಿಗೂ ತಿಳಿಸಿದ್ದಾರೆ. ನಿಮಗೆ ಹೇಳಿಲ್ವಾ, ಮೇಡಂ?"

ಅವಳು ಫೋನ್ ಕೆಳಗಿಟ್ಟಳು.

ಎಲ್ಲರಿಗೂ ಹೇಳಿ, ನನಗೊಬ್ಬಳಿಗೇ...? ಕೈ ಹಿಡಿದು ಕೂತಾಗಲೂ ಗೊತ್ತಿತ್ತಾ?

ಅವನು ಓಡೋಡಿ ಬಂದಾಗ ಅವಳು ಅಳಲಿಲ್ಲ, ಕೂಗಾಡಲೂ ಇಲ್ಲ.

"ನಿಮಗೆ ಗೊತ್ತಿತ್ತಾ?"

ಅವನು ತಲೆ ತಗ್ಗಿಸಿದ. "ಗೊತ್ತಿತ್ತು."

"ಚಿಕ್ಕಮ್ಮ ಬೆಳಗಿಂದ ಕಿವಿಗೆ ಕೈ ಅಡ್ಡ ಇಟ್ಕೊಂಡು ಕೂತಿದಾಳೆ, ನೋಡಿ. ನಿಮ್ಮನ್ನ ನಂಬಿದವಳು ನಾನು. ಕಷ್ಟ ಪಡ್ತಿರೋಳು ಅವಳು. ಹೋಗಿ."

ಅವನು ಹೋದ. ಬಾಗಿಲು ಮುಚ್ಚಿದ ಮೇಲೆ ಅವಳು ಪರೀಕ್ಷೆಯ ಕೋಣೆಯೊಳಗೆ ಕೂತು ಅತ್ತಳು. ಅಲ್ಲಿಂದ ದನಿ ಹೊರಗೆ ಹೋಗುವುದಿಲ್ಲ...

ಹೊಸ ಕಂಪ್ಯೂಟರ್ ಬಂತು. ಎಲ್ಲರನ್ನೂ ಮತ್ತೆ ಕರೆಸಿ, ಮೊದಲಿನಿಂದ ಪರೀಕ್ಷೆ ಮಾಡಬೇಕಾಯಿತು. ಅವನು ರಜೆ ಹಾಕಿ ಪ್ರತಿದಿನ ಬಂದ. ಅವಳು ಮುಖ ತಿರುಗಿಸಿದರೂ ಬಂದ. ವಯಸ್ಸಾದವರನ್ನು ಕೈಹಿಡಿದು ಮೆಟ್ಟಿಲು ಹತ್ತಿಸಿದ. ಎಲ್ಲರಿಗೂ ಒಂದೇ ಮಾತು ಹೇಳಿದ: ಇದು ಮೇಡಂ ತಪ್ಪಲ್ಲ, ನನ್ನದು.

ಒಂದು ಮಧ್ಯಾಹ್ನ ಪರೀಕ್ಷೆಯ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಹೊರಗೆ ಜನ ತುಂಬಿದ ಹಾಲ್‌ನಲ್ಲಿ ಚಿಕ್ಕಮ್ಮ ಅವನನ್ನು ತಡೆದು ನಿಲ್ಲಿಸಿದಳು.

"ಯಾಕಪ್ಪಾ ಮುಚ್ಚಿಟ್ಟೆ?"

ಅವನು ಮೆಲ್ಲಗೆ ಏನೋ ಹೇಳಿದ.

"ಕೇಳಿಸ್ಲಿಲ್ಲ. ಗಟ್ಟಿಯಾಗಿ ಹೇಳು."

"ಸಪೋರ್ಟ್ ನಿಂತಿದೆ ಅಂದಿದ್ರೆ ಹೊಸ ಕಂಪ್ಯೂಟರ್ ಬರ್ತಿತ್ತು, ಅದಕ್ಕೆ ನಾನು ಬರೋ ಕೆಲಸವೇ ಇರ್ತಿರ್ಲಿಲ್ಲ, ಚಿಕ್ಕಮ್ಮ! ಅವರನ್ನ ನೋಡದೆ ಇರೋಕಾಗ್ತಿರ್ಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ... ಧೈರ್ಯ ಬರ್ಲಿಲ್ಲ."

ಹಾಲ್ ಪೂರ್ತಿ ಕೇಳಿಸಿಕೊಂಡಿತು. ಕಿವಿ ಕೇಳದವರೂ ಕೇಳಿಸಿಕೊಂಡರು.

ಅವನು ತಲೆಯೆತ್ತಿದರೆ ಬಾಗಿಲಲ್ಲಿ ಅವಳು. ಕಣ್ಣು ತುಂಬಿತ್ತು, ಸಿಟ್ಟು ಇನ್ನೂ ಹಾಗೇ ಇತ್ತು.

"ಸುಮ್ನೆ ಬಂದಿದ್ರೆ ಬೇಡ ಅಂತಿದ್ನಾ?"

ಅವಳು ಒಂದು ಹೆಜ್ಜೆ ಮುಂದೆ ಬಂದಳು.

"ನಾನಿನ್ನೂ ಕ್ಷಮಿಸಿಲ್ಲ."

"ಗೊತ್ತು. ಆದ್ರೂ ಬರಬಹುದಾ?"

ಅವಳು ಕಣ್ಣೊರೆಸಿಕೊಂಡಳು.

"ಬನ್ನಿ. ಕೆಟ್ಟ ಸುದ್ದಿ ಇದ್ರೆ ಬಾಗಿಲಲ್ಲೇ ಹೇಳ್ಬಿಡಿ."

"ಒಂದಿದೆ," ಅಂದ ಅವನು, ಹೆದರುತ್ತಲೇ. "ಇವತ್ತಿಗೆ ರಜೆ ಮುಗೀತು. ನಾಳೆಯಿಂದ ಹಗಲು ಬರೋಕಾಗಲ್ಲ."

ತುಂಬ ದಿನಗಳ ಮೇಲೆ ಅವಳ ತುಟಿಯಂಚು ಸಡಿಲಾಯಿತು.

"ಹಾಗಾದ್ರೆ ಸಂಜೆ ಬನ್ನಿ... ಕಾಯ್ತೀನಿ."