ಇರುವೆ ಹಿಡಿದ ಗೀರು

ನಾಲ್ಕು ಬಳೆ ಕಾಣೆಯಾದದ್ದು ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ ಎಂಟಕ್ಕೆ. ಒಂಬತ್ತಕ್ಕೆಲ್ಲ ಕಳ್ಳ ಜೀಪಿನಲ್ಲಿದ್ದ. ಹತ್ತಿಸಿದವನು ನಾನೇ, ಕಾನ್‌ಸ್ಟೇಬಲ್ ಲತೇಶ್. ನನ್ನ ನೌಕರಿಯಲ್ಲಿ ಇಷ್ಟು ಚುರುಕಾಗಿ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ. ಆ ಚುರುಕಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇದು 2005ರ ಮಾತು. ಲಾಯಿಲದ ಅಬ್ದುಲ್ ಶುಕೂರ್ ಸಾಹೇಬರು ಮಗಳು ಹಫ್ಸಳ ಮದುವೆಗೆಂದು ದುಬೈಯಿಂದ ಬಂದಿದ್ದರು. ಮದುಮಗ ಬಂದು ಉಳಿಯುವ ಮಾಳಿಗೆಯ ಕೋಣೆಗೆ ಮರದ ನೆಲ ಹಾಕಿಸಿದ್ದರು. ಮೇಲೆ ತೆಳ್ಳಗೆ ಅಸಲಿ ಮರ, ಅಡಿಯಲ್ಲಿ ಪ್ಲೈವುಡ್. ಅವರ ಹೆಂಡತಿ ಖದೀಜ ಕಾವಿ ನೆಲದಲ್ಲಿ ಬೆಳೆದವರು. ದಿನಾ ಬಕೆಟ್ ನೀರು ಚೆಲ್ಲಿ ಒರೆಸಿದರು. ಮೂರೇ ತಿಂಗಳಲ್ಲಿ ಮೂರು ಹಲಗೆ ಹಪ್ಪಳದ ಹಾಗೆ ಉಬ್ಬಿದವು.

ಸರಿ ಮಾಡಲು ಬಂದವನು ಅದೇ ಊರಿನ ಬಡಗಿ ಮುಂಡಪ್ಪ. ಸೋಮವಾರ ಉಬ್ಬಿದ ಹಲಗೆ ಕೊಯ್ದು ತೆಗೆದ. ಹೊಸತು ಕೂರಿಸಿ ಅಂಟು ಹಾಕಿದ. ಅಂಟು ಹಿಡಿಯುವ ತನಕ ಮೇಲೆ ಭಾರ ಬೇಕು. ಕೋಣೆಯಲ್ಲೇ ಇದ್ದ ಬೀಟೆ ಮರದ ಪೆಟ್ಟಿಗೆಯನ್ನು ಎತ್ತಿ, ಗೋಡೆಗೆ ತಾಗಿಸಿ ಅದರ ಮೇಲಿಟ್ಟು, ಸಂಜೆ ಐದಕ್ಕೆ ಮನೆಗೆ ಹೋದ.

ಆ ಪೆಟ್ಟಿಗೆಯಲ್ಲಿತ್ತು ಹಫ್ಸಳ ಮದುವೆಯ ಚಿನ್ನ. ಬೀಗದ ಕೈ ಅಲ್ಲೇ ಗೋಡೆಯ ಮೊಳೆಯಲ್ಲಿ.

"ಹೊರಗಿನವ ಅವನೊಬ್ಬನೇ" ಎಂದರು ಶುಕೂರ್. ನನಗೆ ಅಷ್ಟು ಸಾಕಾಯಿತು. ಹಸೈನಾರನ ಚಾ ಅಂಗಡಿಯಲ್ಲಿ ಬನ್ಸ್ ತಿನ್ನುತ್ತಿದ್ದ ಮುಂಡಪ್ಪನ ತೋಳು ಹಿಡಿದು ಎಬ್ಬಿಸಿದೆ. ಇಪ್ಪತ್ತು ಜನ ನೋಡುತ್ತಿದ್ದರು. ಅರ್ಧ ಬನ್ಸ್ ತಟ್ಟೆಯಲ್ಲೇ ಉಳಿಯಿತು.

*

"ಉಳಿದ ಚಿನ್ನ?" ನಮ್ಮ ಎಸ್.ಐ. ಶಶಿಪ್ರಭಾ ಮೇಡಂ ಕೇಳಿದರು.

"ಹಾಗೇ ಉಂಟು ಮೇಡಂ. ನಾಲ್ಕು ಬಳೆ ಮಾತ್ರ ಇಲ್ಲ."

"ಕಳ್ಳನಿಗೆ ಅಷ್ಟು ಮರ್ಯಾದೆಯಾ?"

"ಬೇಗ ಗೊತ್ತಾಗಬಾರದು ಅಂತ ಸ್ವಲ್ಪವೇ ತೆಗೆದದ್ದು" ಎಂದೆ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಬೆಂಚಿನಲ್ಲಿದ್ದ ಮುಂಡಪ್ಪ ತಲೆ ಎತ್ತಿದ. "ಮೇಡಂ, ನಾನು ತೆಗೆಯಲಿಲ್ಲ. ಇನ್ನು ಯಾರು ನನ್ನನ್ನು ಮನೆಯೊಳಗೆ ಸೇರಿಸ್ತಾರೆ? ಬಡಗಿಗೆ ಒಳಗೆ ಹೋಗಲಿಕ್ಕೆ ಇಲ್ಲದಿದ್ದರೆ ಕೆಲಸ ಎಲ್ಲಿ?"

"ಹೋಗುವಾಗ ಮನೆಯವರಿಗೆ ಏನು ಹೇಳಿದ್ದೆ?"

"ಬೆಳಿಗ್ಗೆ ತನಕ ಪೆಟ್ಟಿಗೆ ಅಲುಗಿಸಬೇಡಿ ಅಂತ. ಬೆಳಿಗ್ಗೆಗೆ ಅಂಟು ಕಲ್ಲಾಗ್ತದೆ. ಅದಕ್ಕೆ ಮೊದಲು ಭಾರ ತೆಗೆದರೆ ಹಲಗೆಯ ಅಂಚು ಏಳ್ತದೆ."

ಮೇಡಂ ಟೊಪ್ಪಿ ತೆಗೆದುಕೊಂಡರು. "ನಡಿ ಲತೇಶ್, ನೆಲ ನೋಡಿ ಬರುವ. ಇವನ ಕೆಲಸದ ಚೀಲವೂ ಇರಲಿ."

*

ಖದೀಜ ಕೋಣೆ ತೋರಿಸಿದರು. ಬೆಳಿಗ್ಗೆ ಮಗ ರಿಝ್ವಾನ್ ಪೆಟ್ಟಿಗೆಯನ್ನು ಒಬ್ಬನೇ ಎತ್ತಿ ಈಚೆ ಇಟ್ಟಿದ್ದನಂತೆ.

ಮೇಡಂ ಮೊಣಕಾಲೂರಿ ಕುಳಿತರು. ಮೂರು ಹೊಸ ಹಲಗೆಗಳಲ್ಲಿ ಎರಡು ನೆಲಕ್ಕೆ ಸಮ. ಮೂರನೆಯದರ ಅಂಚು ಉಗುರಿನಷ್ಟು ಎದ್ದಿತ್ತು. ಅದರ ಮೇಲೆ ಅಡ್ಡಕ್ಕೆ ಒಂದು ಸಾಲು ಇರುವೆ. ನಾನು ಊದಲು ಬಗ್ಗಿದೆ.

"ಸುಮ್ಮನಿರು ಮಾರಾಯ!"

ಅವರು ಇರುವೆಗಳನ್ನು ಬೆರಳಿನಿಂದ ಸರಿಸಿದರು. ಅಡಿಯಲ್ಲಿ ಗೇಣುದ್ದದ ಗೀರು. ಮೇಲಿನಿಂದ ಕಾಣದ ಹಾಗೆ ಯಾರೋ ಅದಕ್ಕೆ ಎಣ್ಣೆಪಸೆಯದ್ದೇನನ್ನೋ ತಿಕ್ಕಿದ್ದರು. ಮೇಡಂ ಬೆರಳು ಮೂಸಿದರು.

"ನಿನ್ನೆ ಸಂಜೆ ಮನೆಯಲ್ಲಿ ಯಾರಿದ್ದರು?"

ಶುಕೂರ್ ದಂಪತಿ ಹಫ್ಸಳೊಡನೆ ಬೆಳ್ತಂಗಡಿಗೆ ಬಟ್ಟೆ ತರಲು ಹೋಗಿದ್ದರು. ಉಳಿದವರು ಮೂವರು: ರಿಝ್ವಾನ್, ಶುಕೂರರ ತಂಗಿ ಅಮಲ್, ತಾಯಿ ಬೀಯಮ್ಮ. ಅಮಲ್ ತಲಾಕ್ ಆಗಿ ಐದು ವರ್ಷದಿಂದ ತವರಿನಲ್ಲೇ ಇದ್ದು ಹೊಲಿಗೆ ಮಾಡುತ್ತಿದ್ದಳು.

"ನಾನು ಮನೆಯಲ್ಲೇ ಇದ್ದೆ" ಎಂದ ರಿಝ್ವಾನ್.

"ಇಲ್ಲ, ಐದೂವರೆಗೇ ಬೈಕಿನಲ್ಲಿ ಹೋಗಿದ್ದಿ" ಎಂದಳು ಅಮಲ್, ಮೆಲ್ಲಗೆ.

ಹುಡುಗ ಬೆವರಿದ. ಇವನೇ ಎಂದು ನಾನು ಎರಡನೇ ಸಲ ಕಳ್ಳನನ್ನು ಹಿಡಿದೆ, ಮನಸ್ಸಿನಲ್ಲಿ. ಮೇಡಂ ಗದರಿದಾಗ ಬಾಯಿಬಿಟ್ಟ. ಅಪ್ಪನಿಗೆ ಹೇಳದೆ ಮೂಡುಬಿದಿರೆಗೆ ಕಬಡ್ಡಿ ನೋಡಲು ಹೋಗಿದ್ದನಂತೆ. ಜೊತೆಗಿದ್ದ ನೌಫಲನಿಗೆ ಫೋನು ಮಾಡಿದರೆ, ಅವನು ಗೆದ್ದ ತಂಡದ ಹೆಸರನ್ನೂ ಹೇಳಿದ.

*

ಖದೀಜ ಶರಬತ್ತು, ತಟ್ಟೆಯಲ್ಲಿ ಗೇರುಬೀಜ ತಂದಿಟ್ಟರು. ಮೇಡಂ ತಟ್ಟೆಯನ್ನು ಮೂಲೆಯಲ್ಲಿ ಕುಳಿತಿದ್ದ ಬೀಯಮ್ಮನ ಕಡೆ ನೀಡಿದರು.

"ನನಗೆ ಬೇಡ ಮಗಳೇ, ಹಲ್ಲೆಲ್ಲಿ ಉಂಟು? ಎರಡು ವರ್ಷ ಆಯ್ತು ಬಾಯಿಗೆ ಹಾಕದೆ." ಅಜ್ಜಿ ಬೊಚ್ಚು ಬಾಯಿ ತೋರಿಸಿದರು. ನಗು ಮಾತ್ರ ಬರಲಿಲ್ಲ.

"ಹಾಗಾದರೆ ಎಲೆ ಅಡಿಕೆಯಾದರೂ ಹಾಕುವ. ನನಗೊಂದು ಎಲೆ ಕೊಡಿ."

ಬೀಯಮ್ಮ ಎಲೆ ತಟ್ಟೆಯನ್ನು ಹಿಂದಕ್ಕೆ ಸರಿಸಿದರು. ಮೇಡಂ ತಟ್ಟೆಯನ್ನು ತಾವೇ ಎಳೆದುಕೊಂಡರು. ಎಲೆ, ಸುಣ್ಣ, ಅಡಿಕೆ ಕುಟ್ಟುವ ಪುಟ್ಟ ಒರಳು. ಎಲೆಯ ಅಡಿಯಲ್ಲಿ ಒಂದು ಗೇರುಬೀಜ. ಅದಕ್ಕೂ ಇರುವೆ ಮುತ್ತಿತ್ತು. ಒಂದು ಬದಿ ತೇದು ಸಪಾಟಾಗಿತ್ತು.

"ಅಜ್ಜಿ, ಹೇಳ್ತೀರಾ? ನಾನು ಹೇಳುವುದಾ?"

ಮೇಡಂ ಶುಕೂರರ ಕಡೆ ತಿರುಗಿದರು.

"ಮುಂಡಪ್ಪ ಪೆಟ್ಟಿಗೆ ಇಟ್ಟದ್ದು ಗೋಡೆಗೆ ತಾಗಿಸಿ. ಎಳೆಯದೆ ಮುಚ್ಚಳ ತೆರೆಯುವುದಿಲ್ಲ. ಅಂಟು ಹಿಡಿಯುವ ಮೊದಲೇ ಯಾರೋ ಎಳೆದರು, ಅಂಚು ಎದ್ದಿತು. ಅಂದರೆ ಅವನು ಹೋದ ಮೇಲೆ. ರಿಝ್ವಾನನಾದರೆ ಎತ್ತಿಡುತ್ತಿದ್ದ, ಗೀರು ಬೀಳುತ್ತಿರಲಿಲ್ಲ. ಬಲ ಇಲ್ಲದವರು ಎಳೆದದ್ದು. ಇನ್ನು ಆ ಗೀರು." ಅವರು ಮುಂಡಪ್ಪನ ಚೀಲ ಬಿಚ್ಚಿದರು. ಆರು ಬಣ್ಣದ ಮೇಣದ ಕಡ್ಡಿಗಳು. "ಗೀರು ಮುಚ್ಚಲಿಕ್ಕೆ ಅವನ ಹತ್ತಿರ ಇದುಂಟು. ಮೇಣಕ್ಕೆ ಇರುವೆ ಬರುವುದಿಲ್ಲ. ಗೇರುಬೀಜ ತಿಕ್ಕುವುದು ಮನೆಯವರ ಮದ್ದು. ಹಲ್ಲಿಲ್ಲದವರ ಎಲೆ ತಟ್ಟೆಯಲ್ಲಿ ತೇದ ಬೀಜ ಯಾಕೆ?"

"ಅವನೇ ಹೇಳಿದ್ದು" ಎಂದರು ಬೀಯಮ್ಮ. "ಬಾಗಿಲಲ್ಲಿ ಕೂತು ಕೇಳಿದ್ದೆ. ಸಣ್ಣ ಗೀರಿಗೆ ಬೀಜ ತಿಕ್ಕಿದರೆ ಸಾಕು ಅಜ್ಜಿ ಅಂದಿದ್ದ."

"ಉಮ್ಮಾ! ನೀವಾ?" ಶುಕೂರ್ ಎದ್ದು ನಿಂತರು.

ಅಜ್ಜಿ ತಾವು ಒರಗಿದ್ದ ದಿಂಬಿನ ಚೀಲದೊಳಗೆ ಕೈಹಾಕಿ ನಾಲ್ಕು ಬಳೆ ತೆಗೆದರು. "ಇದು ಅಮಲ್‌ಗೆ ನಾನು ಹಾಕಿದ್ದು, ನನ್ನ ಕೈಯಿಂದ ಬಿಚ್ಚಿ. ನೀನು ಅವಳನ್ನು ಒಂದು ಮಾತು ಕೇಳದೆ ಮಗಳ ಪೆಟ್ಟಿಗೆಗೆ ಸೇರಿಸಿದಿ. ಅವಳು ಬಾಯಿ ಬಿಡುವುದಿಲ್ಲ, ನಿನ್ನ ಅನ್ನ ತಿನ್ನುವವಳಲ್ಲವಾ? ನಾನು ಸತ್ತರೆ ಅವಳಿಗೆ ಯಾರುಂಟು?"

ಅಮಲ್ ಮುಖ ಮುಚ್ಚಿಕೊಂಡಳು. ಅವಳಿಗೆ ಏನೂ ಗೊತ್ತಿರಲಿಲ್ಲ. ನನ್ನ ಕಣ್ಣೂ ಒದ್ದೆಯಾಯಿತು, ಸುಳ್ಳು ಯಾಕೆ ಹೇಳಲಿ.

"ಬಳೆಯ ಮಾತು ಸರಿ ಅಜ್ಜಿ" ಎಂದರು ಮೇಡಂ. "ಆದರೆ ಆ ಬಡಗಿ?"

"ಅವನನ್ನು ಹಿಡಿದರು ಅಂದಾಗ ನಾಲಿಗೆ ಏಳಲಿಲ್ಲ. ಹೆದರಿದೆ. ಅದು ನನ್ನ ತಪ್ಪು."

ಶುಕೂರ್ ತಲೆ ತಗ್ಗಿಸಿದ್ದರು. "ದೂರು ವಾಪಸ್ ತೆಗೀತೇನೆ ಮೇಡಂ. ಮನೆಯ ವಿಷಯ, ಇಲ್ಲಿಗೇ ಮುಗಿಸುವ."

"ಇಲ್ಲಿಗೆ ಮುಗಿಯುವುದಿಲ್ಲ" ಎಂದು ಬೀಯಮ್ಮ ಗೋಡೆ ಹಿಡಿದು ಎದ್ದರು. "ಅವನನ್ನು ಎಲ್ಲಿಂದ ಎಬ್ಬಿಸಿದರೋ ಅಲ್ಲಿಗೆ ನನ್ನನ್ನು ಕರ್ಕೊಂಡು ಹೋಗಿ."

*

ಮಧ್ಯಾಹ್ನ ಜೀಪು ಹಸೈನಾರನ ಚಾ ಅಂಗಡಿಯ ಮುಂದೆ ನಿಂತಿತು. ಮೊದಲು ಮುಂಡಪ್ಪ ಇಳಿದ. ಆಮೇಲೆ ಮಗನ ಕೈ ಹಿಡಿದು ಬೀಯಮ್ಮ.

"ಬಳೆ ತೆಗೆದವಳು ನಾನು" ಎಂದರು ಅಜ್ಜಿ, ಎಲ್ಲರಿಗೂ ಕೇಳುವ ಹಾಗೆ. "ಇವನಲ್ಲ. ಬೆಳಿಗ್ಗೆ ನೋಡಿದವರು ಈಗಲೂ ನೋಡಿ."

ಹಸೈನಾರ್ ಬಿಸಿ ಬನ್ಸ್ ತಂದು ಮುಂಡಪ್ಪನ ಮುಂದಿಟ್ಟ. ಅವನು ಅಜ್ಜಿಯನ್ನು ಮೊದಲು ಕೂರಿಸಿ ಆಮೇಲೆ ತಿಂದ.

ತಿಂದು ಕೈ ತೊಳೆದು, "ಆ ಅಂಚು ಇವತ್ತೇ ಸರಿ ಮಾಡ್ಬೇಕು" ಎಂದ.

ಎಲ್ಲರೂ ಜೀಪಿನಲ್ಲೇ ಮನೆಗೆ ಮರಳಿದೆವು. ಮಾಳಿಗೆಯಲ್ಲಿ ಅವನು ಎದ್ದ ಹಲಗೆ ಬಿಡಿಸಿದ. ಹಳೆ ಅಂಟು ಕೆರೆದ. ಇರುವೆ ಒರೆಸಿ ಗೀರಿಗೆ ಮೇಣ ತುಂಬಿದ. ಹೊಸ ಅಂಟು ಹಾಕಿ ಹಲಗೆ ಒತ್ತಿ ಕೂರಿಸಿದ. ಬಾಗಿಲಲ್ಲಿ ನಿಂತಿದ್ದ ಅಮಲ್‌ಳ ಕೈಯಲ್ಲಿ ನಾಲ್ಕು ಬಳೆಯಿದ್ದವು. ತೊಡಿಸಿದವರು ಶುಕೂರರೇ.

"ಭಾರಕ್ಕೆ ಪೆಟ್ಟಿಗೆ ಇಡುವ" ಎಂದು ರಿಝ್ವಾನ್ ಬಗ್ಗಿದ.

ಮುಂಡಪ್ಪ ಕೈ ಅಡ್ಡ ಹಿಡಿದ. "ಪೆಟ್ಟಿಗೆ ಬೇಡಪ್ಪ. ಅಂಗಳದಿಂದ ನಾಲ್ಕು ಕೆಂಪುಕಲ್ಲು ತರಿಸಿ."

ಮೇಡಂ ನನ್ನ ಮುಖ ನೋಡಿದರು. ನಾನು ಟೊಪ್ಪಿ ತೆಗೆದಿಟ್ಟು ಕೆಳಗಿಳಿದೆ. ಮಾಳಿಗೆಗೆ ಹದಿನೆಂಟು ಮೆಟ್ಟಿಲು. ನಾಲ್ಕು ಸಲ ಹತ್ತಿ ಇಳಿದೆ. ನಾಲ್ಕು ಕಲ್ಲನ್ನೂ ನಾನೇ ಹೊತ್ತೆ.