ತೂಬಿನ ಗೇಟು ಮುಚ್ಚಿದ ಕೈ

ಮಂಗಳವಾರ ಕಚೇರಿ ತೆರೆದು ಹತ್ತು ನಿಮಿಷವೂ ಆಗಿರಲಿಲ್ಲ. ನಗರಸಭೆಯ ಚರಂಡಿ ವಿಭಾಗದ ಮುಖ್ಯಸ್ಥೆ ದಾಖಲೆ ಕೋಣೆಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

"ಕಡತದಮ್ಮ, ನಮ್ಮ ತೂಬಿನಜ್ಜನನ್ನ ಹೇಗಾದ್ರೂ ಉಳಿಸಿಕೊಡಿ," ಎಂದರು. "ಅವನು ಗೇಟು ಮುಚ್ಚಿಲ್ಲ."

ಕಡತದಮ್ಮ ಕನ್ನಡಕ ಒರೆಸಿಕೊಂಡು ಮೂಗಿಗೇರಿಸಿದರು. ಮೂವತ್ತೊಂದು ವರ್ಷದಿಂದ ಆ ಕೋಣೆಯ ಒಡತಿ ಅವರು. ಕಳೆದುಹೋದ ನಕ್ಷೆ, ರಾತ್ರೋರಾತ್ರಿ ಬದಲಾದ ಸಹಿ, ಕಾಲು ಬಂದ ಕಡತ, ಯಾವುದೇ ಆಗಲಿ ಜನ ಪೊಲೀಸರಿಗಿಂತ ಮೊದಲು ಬರುತ್ತಿದ್ದುದು ಅವರ ಹತ್ತಿರ. ಎದುರಿನ ಮೇಜಿನ ನಕ್ಷೆಗಾರ ಒಂಬತ್ತು ವರ್ಷದಿಂದ ಅವರ ಬಲಗೈ. ಅವರು ಭೇದಿಸಿದ ಪ್ರಕರಣಗಳನ್ನು ಬಣ್ಣ ಕಟ್ಟಿ ಹೇಳುವುದೆಂದರೆ ಅವನಿಗೆ ಎಲ್ಲಿಲ್ಲದ ಉತ್ಸಾಹ. ಆದರೆ ಅಂದು ತೂಬಿನಜ್ಜನ ಹೆಸರು ಕಿವಿಗೆ ಬಿದ್ದದ್ದೇ ತಡ, ಅವನು ಪೆನ್ಸಿಲ್ ಚೂಪು ಮಾಡುವ ನೆಪದಲ್ಲಿ ತಲೆ ತಗ್ಗಿಸಿದ.

ಅದಕ್ಕೆ ಕಾರಣವಿತ್ತು. ಭಾನುವಾರ ಮಧ್ಯಾಹ್ನ ಮಳೆ ಹುಚ್ಚು ಹಿಡಿದಂತೆ ಸುರಿದಿತ್ತು. ಊರಿನ ಮಳೆನೀರೆಲ್ಲ ದೊಡ್ಡ ಕಾಲುವೆ ಸೇರಿ, ತೂಬಿನ ಮೂಲಕ ನದಿಗೆ ಹೋಗಬೇಕು. ನದಿ ಉಕ್ಕಿದಾಗ ಮಾತ್ರ ಆ ತೂಬಿನ ಗೇಟು ಮುಚ್ಚುತ್ತಾರೆ. ಅಂದು ನದಿ ಉಕ್ಕಿರಲಿಲ್ಲ, ಆದರೂ ಗೇಟು ಮುಚ್ಚಿತ್ತು. ಹೋಗಲು ದಾರಿಯಿಲ್ಲದ ನೀರು ಹೆರಿಗೆ ಆಸ್ಪತ್ರೆಯ ಕೆಳಮಹಡಿಗೆ ನುಗ್ಗಿತು. ಬಾಣಂತಿಯರನ್ನು ಎತ್ತಿಕೊಂಡು ಮೆಟ್ಟಿಲು ಹತ್ತಿಸುವಾಗ ನರ್ಸ್ ಒಬ್ಬರು ಜಾರಿಬಿದ್ದು ಕೈ ಮುರಿದುಕೊಂಡರು. ಗೇಟು ಕಾಯುವ ಅಜ್ಜ, "ನಾನು ತೆರೆದಿಟ್ಟೇ ಬೀಗ ಹಾಕಿದ್ದೆ" ಎಂದು ಆಣೆ ಮಾಡಿದ. ಸೋಮವಾರ ಆಯುಕ್ತರು ನಕ್ಷೆಗಾರನನ್ನು ಕರೆಸಿ, "ನೀವು ತಿಂಗಳಿಗೊಮ್ಮೆ ಅಲ್ಲಿಗೆ ಹೋಗ್ತೀರಲ್ಲ, ಅಜ್ಜ ಹೇಗೆ?" ಎಂದು ಕೇಳಿದ್ದರು.

"ಈಚೆಗೆ ಮರೆವು ಜಾಸ್ತಿ ಸರ್," ಎಂದಿದ್ದ ನಕ್ಷೆಗಾರ. ಸಂಜೆಯೊಳಗೆ ಅಜ್ಜನನ್ನು ಅಮಾನತು ಮಾಡಿದ್ದರು.

"ಗುರುವಾರ ಆಯುಕ್ತರು ಸಹಿ ಹಾಕ್ತಾರೆ," ಎಂದರು ಮುಖ್ಯಸ್ಥೆ. "ನನಗೆ ಪದವಿ ತಪ್ಪಿದ್ರೆ ತಪ್ಪಲಿ. ಅಜ್ಜನ ಹೊಟ್ಟೆ ಮೇಲೆ ಹೊಡೆಯೋದು ಬೇಡ."

ಆ ಸಹಿಯ ವಿಷಯ ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ರಸ್ತೆ, ನೀರು, ಚರಂಡಿ ಮೂರಕ್ಕೂ ಬೇರೆ ಬೇರೆ ಮುಖ್ಯಸ್ಥರು. ಒಬ್ಬರು ಹಾಕಿದ ರಸ್ತೆಯನ್ನು ಇನ್ನೊಬ್ಬರು ಅಗೆಯುವುದು, ಗುಂಡಿ ಯಾರದೆಂದು ಮೂವರೂ ಕಿತ್ತಾಡುವುದು ಆಯುಕ್ತರಿಗೆ ಸಾಕುಸಾಕಾಗಿತ್ತು. ಇನ್ನು ಮೂರಕ್ಕೂ ಒಬ್ಬರೇ ಮುಖ್ಯ ಎಂಜಿನಿಯರ್, ಉಳಿದಿಬ್ಬರು ಅವರ ಕೈಕೆಳಗೆ. ಚರಂಡಿಯವರ ಹೆಸರೇ ಮುಂದಿತ್ತು. ಭಾನುವಾರದ ನೀರಿನಲ್ಲಿ ಆ ಹೆಸರೂ ತೇಲಿಹೋಗುವ ಹಾಗಿತ್ತು.

ಕಡತದಮ್ಮ, ಮುಖ್ಯಸ್ಥೆ, ನಕ್ಷೆಗಾರ ಮೂವರೂ ತೂಬಿನ ಕೋಣೆಗೆ ಹೋದರು. ಬೀಗ ಮುರಿದಿರಲಿಲ್ಲ. ಅಜ್ಜನದೊಂದು, ಮುಖ್ಯಸ್ಥೆಯದೊಂದು, ಎರಡೇ ಕೀಲಿ. ಕಡತದಮ್ಮ ಬೀಗವನ್ನು ತಿರುಗಿಸಿ, ಬೆನ್ನಿಗೆ ಕೊರೆದಿದ್ದ ಸಂಖ್ಯೆಯನ್ನು ನಕ್ಷೆಗಾರನಿಂದ ಬರೆಸಿಕೊಂಡರು. ಒಳಗೆ ಆಳೆತ್ತರದ ಕಬ್ಬಿಣದ ಚಕ್ರ. ಪಕ್ಕದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬಾಣ ಬರೆದಿತ್ತು: ಮುಚ್ಚಲು ಎಡಕ್ಕೆ.

"ಹಳೇ ಚಕ್ರ. ಬೇರೆಲ್ಲ ಬಲಕ್ಕೆ ಮುಚ್ಚಿದ್ರೆ ಇದೊಂದು ಉಲ್ಟಾ," ಎಂದರು ಮುಖ್ಯಸ್ಥೆ. "ನನಗೂ ಅಜ್ಜನಿಗೂ ಕಣ್ಣು ಕಟ್ಟಿ ಬಿಟ್ರೂ ಗೊತ್ತು."

ಕಡತದಮ್ಮ ಚಕ್ರದ ಅಚ್ಚಿನ ಮೊಳೆ ತೋರಿಸಿದರು. ಅದು ಬಲಕ್ಕೆ ಬಾಗಿತ್ತು. ಹತ್ತಿರವೇ ಹಾರೆ ಉಜ್ಜಿದ ಹೊಸ ಗುರುತು. "ಯಾರೋ ಮೊದಲು ಬಲಕ್ಕೆ ತಿರುಗಿಸೋಕೆ ಹೆಣಗಾಡಿದ್ದಾರೆ. ಈ ಗ್ರೀಸು ತೋಳಿಗೆ ಮೆತ್ತದೇ ಇರಲ್ಲ."

ನಕ್ಷೆಗಾರ ಬರೆಯುವುದನ್ನು ನಿಲ್ಲಿಸಿದ. ಭಾನುವಾರ ಸಂಜೆ ಅವನು ಅಕ್ಕನ ಮನೆಗೆ ಊಟಕ್ಕೆ ಹೋಗಿದ್ದ. ಅಕ್ಕ ಬಚ್ಚಲಲ್ಲಿ ಬಾವನ ಬಿಳಿ ಅಂಗಿಯ ತೋಳು ಉಜ್ಜುತ್ತಾ, "ನೆಂದು ತೊಪ್ಪೆಯಾಗಿ ಬಂದ್ರು ಕಣೋ, ಈ ಜಿಡ್ಡು ಬೇರೆ," ಎಂದು ಗೊಣಗುತ್ತಿದ್ದಳು. ಬಾವ ನೀರು ವಿಭಾಗದ ಮುಖ್ಯಸ್ಥರು. ಮಧ್ಯಾಹ್ನವೆಲ್ಲ ಮನೆಯಲ್ಲೇ ಮಲಗಿದ್ದೆ ಎಂದು ಆಯುಕ್ತರ ಮುಂದೆ ಹೇಳಿದ್ದರು. ಅಪ್ಪ ಅಮ್ಮ ಹೋದ ಮೇಲೆ ಇವನನ್ನು ಓದಿಸಿ ದಡ ಸೇರಿಸಿದವರು ಅವರೇ. ಗಾಡಿಯ ಚೈನಿನ ಜಿಡ್ಡಿರಬಹುದು ಎಂದು ತನಗೆ ತಾನೇ ಹೇಳಿಕೊಂಡ.

"ಏನಾದ್ರೂ ಹೇಳೋಕಿತ್ತಾ?" ಕಡತದಮ್ಮ ಕೇಳಿದರು.

"ಏನಿಲ್ಲಮ್ಮ."

ಭಾನುವಾರ ಅದೇ ಬೀದಿಯಲ್ಲಿ ಗುಂಡಿ ಮುಚ್ಚಿಸುತ್ತಿದ್ದ ರಸ್ತೆ ಮುಖ್ಯಸ್ಥರನ್ನು ಕೇಳಿದರೆ ಅವರು ಕೆಂಡವಾದರು. "ಆ ಕೋಣೆಗೆ ನಾನು ಇವತ್ತಿನವರೆಗೆ ಕಾಲಿಟ್ಟಿಲ್ಲ. ಬೇಕಾದ್ರೆ ನನ್ನ ಕೆಲಸದವರನ್ನ ಕೇಳಿ." ಕೆಲಸದವರೂ ಹಾಗೇ ಹೇಳಿದರು. ಆದರೆ ಕೈಕೆಳಗಿನವರ ಮಾತನ್ನೇ ನಂಬುವಂತಿರಲಿಲ್ಲ. ನಕ್ಷೆಗಾರ ಮಾತ್ರ ರಸ್ತೆಯವರೇ ಆಗಿರಲಿ ಎಂದು ಮನಸ್ಸಿನಲ್ಲೇ ಹಾರೈಸಿದ. ಮರುಕ್ಷಣವೇ ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು.

ಬುಧವಾರ ಕಡತದಮ್ಮ ಅಟ್ಟದಿಂದ ಇಪ್ಪತ್ತು ವರ್ಷದ ಹಿಂದಿನ ಸಾಮಾನಿನ ಪುಸ್ತಕ ಇಳಿಸಿದರು. ಬೀಗದ ಸಂಖ್ಯೆ ಹುಡುಕಿ, ಒಂದು ಸಾಲಿನ ಮೇಲೆ ಬೆರಳಿಟ್ಟು ಓದಿ, ಪುಸ್ತಕ ಮುಚ್ಚಿದರು. ಯಾವಾಗಲೂ ಕತ್ತು ಚಾಚಿ ಇಣುಕುತ್ತಿದ್ದ ನಕ್ಷೆಗಾರ ಅಂದು ಇಣುಕಲಿಲ್ಲ.

"ನಾಳೆ ಹತ್ತಕ್ಕೆ ಎಲ್ಲರನ್ನೂ ಆಯುಕ್ತರ ಕೋಣೆಗೆ ಕರೆಸಿದ್ದೀನಿ," ಎಂದರು ಅವರು. "ನಿನ್ನ ಹತ್ರ ಇರೋದನ್ನ ನಾನು ಕಿತ್ತುಕೊಳ್ಳಲ್ಲಪ್ಪ. ಕೊಡೋದು ಬಿಡೋದು ನಿನಗೆ ಬಿಟ್ಟಿದ್ದು."

ಗುರುವಾರ ಮೂವರು ಮುಖ್ಯಸ್ಥರೂ ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ಅಜ್ಜ ಬಾಗಿಲ ಬಳಿ, ಕೂರಿ ಎಂದರೂ ಕೂರದೆ ನಿಂತಿದ್ದ.

"ಮೊದಲು ಚಕ್ರದ ವಿಷಯ," ಎಂದು ಕಡತದಮ್ಮ ಶುರು ಮಾಡಿದರು. "ಅಜ್ಜನಾಗಲಿ ಚರಂಡಿ ಮುಖ್ಯಸ್ಥೆಯಾಗಲಿ ಮುಚ್ಚಿದ್ರೆ ನೇರ ಎಡಕ್ಕೆ ತಿರುಗಿಸ್ತಿದ್ರು. ಮೊಳೆ ಬಾಗ್ತಾ ಇರಲಿಲ್ಲ."

"ಹಾಗಾದ್ರೆ ಹೊಸಬರು ಯಾರೋ," ಎಂದರು ಆಯುಕ್ತರು.

"ಹೊಸಬರು ಗೋಡೆ ನೋಡ್ತಾರೆ ಸರ್. ಅಷ್ಟು ದೊಡ್ಡ ಬಾಣ ಇದೆ. ರಸ್ತೆಯವರು ಜೀವಮಾನದಲ್ಲಿ ಇಂಥ ಚಕ್ರ ಮುಟ್ಟಿದವರಲ್ಲ, ಅವರು ಹೋಗಿದ್ರೆ ಬಾಣ ಓದೇ ಕೈ ಹಾಕ್ತಿದ್ರು. ಬಾಣ ನೋಡೋ ಅಗತ್ಯವೇ ಇಲ್ಲ ಅಂದುಕೊಂಡವರು, ಬಲಕ್ಕೆ ಮುಚ್ಚಿಯೇ ಕೈ ಪಳಗಿದವರು ಮಾತ್ರ ಈ ತಪ್ಪು ಮಾಡೋದು. ನೀರಿನ ಕೊಳವೆಗಳ ಚಕ್ರವೆಲ್ಲ ಬಲಕ್ಕೇ ಮುಚ್ಚೋದು."

ಬಾವ ಮೇಜಿನ ಮೇಲಿದ್ದ ಕೈಗಳನ್ನು ಮಡಿಲಿಗೆ ಎಳೆದುಕೊಂಡರು.

"ಇನ್ನು ಬೀಗ." ಕಡತದಮ್ಮ ಪುಸ್ತಕ ಬಿಡಿಸಿದರು. "ಇಪ್ಪತ್ತು ವರ್ಷದ ಹಿಂದೆ ನೀರು, ಚರಂಡಿ ಒಂದೇ ವಿಭಾಗ. ಈ ತೂಬಿನದೂ ಸೇರಿ ಆಗ ತಂದ ನಲವತ್ತು ಬೀಗಕ್ಕೂ ಹೊಂದೋ ಕೀಲಿ ಒಂದಿತ್ತು. ವಿಭಾಗ ಒಡೆದಾಗ ಮೇಜು ಕುರ್ಚಿ ಎಲ್ಲ ಹಂಚಿಕೊಂಡ್ರು, ಆ ಕೀಲಿ ವಾಪಸ್ ಕೊಟ್ಟ ದಾಖಲೆ ಎಲ್ಲೂ ಇಲ್ಲ. ಪಡೆದವರ ಸಹಿ ಇಲ್ಲಿದೆ."

ನಕ್ಷೆಗಾರ ದೂರದಿಂದಲೇ ಗುರುತಿಸಿದ. ತನ್ನ ಶಾಲೆಯ ಅಂಕಪಟ್ಟಿಗಳ ಮೇಲೆ, ಪೋಷಕರ ಸಹಿಯ ಜಾಗದಲ್ಲಿ, ಏಳು ವರ್ಷ ಬಿದ್ದ ಸಹಿ ಅದು.

"ಹಳೇ ಕೀಲಿ, ಎಲ್ಲೋ ಕಳೆದುಹೋಯ್ತು," ಎಂದರು ಬಾವ. "ಯಾರ ಕೈಗೆ ಸಿಕ್ಕಿತೋ. ನಾನು ಮನೆಯಲ್ಲಿ ಮಲಗಿದ್ದೆ."

ಕಡತದಮ್ಮ ಮಾತು ನಿಲ್ಲಿಸಿದರು. ನಕ್ಷೆಗಾರನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಎದ್ದು ನಿಂತ.

"ಮಲಗಿರಲಿಲ್ಲ ಬಾವ. ಅಕ್ಕ ನಿಮ್ಮ ಅಂಗಿ ಉಜ್ಜುತ್ತಿದ್ದಳು. ತೋಳಿಗೆ ಜಿಡ್ಡಾಗಿತ್ತು, ಮಳೆಯಲ್ಲಿ ನೆಂದು ಬಂದಿದ್ರಂತೆ. ನನಗೆ ಎರಡು ದಿನದಿಂದ ಗೊತ್ತು. ಹೇಳಲಿಲ್ಲ."

ಬಾವ ಅವನನ್ನು ಗದರಲಿಲ್ಲ. ಮುಖದ ಬಿಗಿ ಒಮ್ಮೆಲೇ ಸಡಿಲವಾಯಿತು.

"ಈ ಹುಡುಗಿಗೆ ಅಳತೆಪಟ್ಟಿ ಹಿಡಿಯೋದು ಕಲಿಸಿದವನು ನಾನು," ಎಂದರು, ಚರಂಡಿ ಮುಖ್ಯಸ್ಥೆಯ ಕಡೆ ಕೈ ತೋರಿಸಿ. "ನಾಳೆಯಿಂದ ಅವಳ ಮುಂದೆ ರಜೆಚೀಟಿ ಹಿಡ್ಕೊಂಡು ನಿಲ್ಲಬೇಕು. ಮನೆಯಲ್ಲಿ ನಾನೇ ಮುಖ್ಯ ಎಂಜಿನಿಯರ್ ಆಗ್ತೀನಿ ಅಂತ ಹೇಳಿಬಿಟ್ಟಿದ್ದೆ. ಬೀದಿಯಲ್ಲಿ ಮೊಣಕಾಲುದ್ದ ನೀರು ನಿಲ್ಲುತ್ತೆ, ನಾಲ್ಕು ಜನ ಅವಳನ್ನ ಬೈತಾರೆ, ಅಷ್ಟೇ ಅಂದುಕೊಂಡೆ. ಮಳೆ ಜೋರಾದಾಗ ತೆರೆಯೋಣ ಅಂತ ಓಡಿದೆ. ಮೊಳೆ ಬಾಗಿತ್ತಲ್ಲ, ಚಕ್ರ ಜಪ್ಪಯ್ಯ ಅಂದ್ರೂ ಅಲ್ಲಾಡಲಿಲ್ಲ."

"ಒಂದು ಫೋನ್ ಮಾಡಬಹುದಿತ್ತು," ಎಂದರು ಆಯುಕ್ತರು.

"ಮಾಡಿದ್ರೆ ನಾನೇ ಅಂತ ಗೊತ್ತಾಗ್ತಿತ್ತು." ಅಷ್ಟು ಹೇಳಿ ಎದ್ದವರು ಮೇಜಿನ ಅಂಚು ಹಿಡಿದುಕೊಂಡರು. ಚರಂಡಿ ಮುಖ್ಯಸ್ಥೆ ಕುರ್ಚಿಯನ್ನು ಅವರ ಹಿಂದಕ್ಕೆ ಸರಿಸಿದರು. "ಕೂತ್ಕೊಳ್ಳಿ ಸರ್," ಎಂದರು.

ಅಂದೇ ಅಜ್ಜನಿಗೆ ಕೆಲಸ ವಾಪಸಾಯಿತು, ಬಾವನನ್ನು ಪೊಲೀಸರಿಗೆ ಒಪ್ಪಿಸಿದರು. ಹೊಸ ಹುದ್ದೆಯ ಆದೇಶಕ್ಕೆ ಸಹಿ ಬಿತ್ತು. ಅಭಿನಂದಿಸಲು ಹೋದವರಿಗೆ ಮುಖ್ಯಸ್ಥೆ ಕೈ ಮುಗಿದು ಬಾಗಿಲು ಹಾಕಿಕೊಂಡರು.

ಮಧ್ಯಾಹ್ನ ಅಕ್ಕನ ಮನೆಗೆ ಹೋಗಿ ಎಲ್ಲ ಹೇಳಿ ಬಂದ ನಕ್ಷೆಗಾರ, ಸಂಜೆ ಅಜ್ಜನ ಮನೆ ಹುಡುಕಿಕೊಂಡು ಹೊರಟ. ಅಜ್ಜ ಜಗಲಿಯ ಮೇಲೆ ಕೂತು ಅಳ್ಳಕವಾದ ಚಪ್ಪಲಿಯ ಉಂಗುಷ್ಠ ಸರಿಮಾಡುತ್ತಿದ್ದ.

"ತಪ್ಪಾಯ್ತು ಅಜ್ಜ," ಎಂದ ನಕ್ಷೆಗಾರ. "ನಿಮಗೆ ಮರೆವು ಅಂತ ಆಯುಕ್ತರಿಗೆ ಹೇಳಿದ್ದು ನಾನೇ."

"ಗೊತ್ತು," ಎಂದ ಅಜ್ಜ. "ನೀವು ಹೇಳಿದ್ದು ಸುಳ್ಳಲ್ಲ ಬಿಡಿ, ಕೆಲವು ಸಲ ಮರೀತೀನಿ. ನನಗೆ ನೋವಾಗಿದ್ದು ಅದಕ್ಕಲ್ಲ." ಚಪ್ಪಲಿ ಕೆಳಗಿಟ್ಟ. "ಓದಿದವರು ಹೇಳಿದ ಮೇಲೆ ನಾನೇ ಮುಚ್ಚಿರಬೇಕು ಅಂತ ನಂಬಿಬಿಟ್ಟಿದ್ದೆ. ಮೂರು ದಿನ ಆಸ್ಪತ್ರೆ ಗೇಟಿನ ಹತ್ರ ಹೋಗಿ ನಿಂತು ಬಂದಿದ್ದೀನಿ. ಒಳಗೆ ಹೋಗಿ ಆ ನರ್ಸಮ್ಮನ ಮುಖ ನೋಡೋ ಧೈರ್ಯ ಬರಲಿಲ್ಲ."

ಅಜ್ಜ ಕೂರಿ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ. ನಕ್ಷೆಗಾರ ನಿಂತೇ ಇದ್ದ.